ಹತ್ತು ತೊಲೆಯ ಲಕ್ಷ್ಮಿ

೧೯೩೮ರ ಫೆಬ್ರವರಿ ಹತ್ತು, ಗುರುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಕಾಶೆವ್ವ ಹುಕ್ಕೇರಿಯ ಒಂದು ಹಳೆಯ ಮನೆಯ ಅಟ್ಟದ ಮೇಲೆ ಮೊಣಕಾಲೂರಿ, ಒಡೆದ ತೊಟ್ಟಿಲು ಮತ್ತು ತೂತು ಬಿದ್ದ ಕೊಡಗಳ ನಡುವಿನಿಂದ ಒಂದು ಮರದ ಪೆಟ್ಟಿಗೆಯನ್ನು ಎಳೆಯುತ್ತಿದ್ದಳು. ಎಂಟಕ್ಕೆ ಗೋಕಾಕದ ಮೋಟಾರು. ಅದಕ್ಕೇ ಪಡಸಾಲೆಯ ಗಡಿಯಾರ ನೋಡಿಕೊಂಡೇ ಏಣಿ ಹತ್ತಿದ್ದಳು. ಪೆಟ್ಟಿಗೆಯನ್ನು ಬೆಳಕಿಂಡಿಯ ಕೆಳಗೆ ತಂದು ಮುಚ್ಚಳ ಎತ್ತಿದಳು. ಎತ್ತಿದವಳು ಒಮ್ಮೆಲೇ ಚೀರಿದಳು.

ಕೆಳಗಿನಿಂದ ಮನೆಯ ಯಜಮಾನ ಮಾಲಿಂಗಪ್ಪ ಕೂಗಿದ. “ಏನಾತವಾ? ಅಟ್ಟದಾಗ ಹಾವ ಕಂಡ್ಯೇನ?”

“ಹಾವಾಗಿದ್ರ ನಿಮಗ ಬಿಟ್ಟು ಇಳೀತಿದ್ನಿರಿ, ಅಣ್ಣಾ. ಇದನ್ನ ಮಾತ್ರ ಬಿಡೂದಿಲ್ಲ!”

ಅದು ಚಿನ್ನ ತೂಗುವ ಸರಾಫರ ತಕ್ಕಡಿ. ಉಕ್ಕಿನ ದಂಡಿಗೆ, ತೂಗುವ ತಟ್ಟೆಯಾಗಿ ಎರಡು ಹಿತ್ತಾಳೆಯ ಪರಡಿ, ನಡುವೆ ಸೂಜಿಯಂಥ ಮುಳ್ಳು. ಕೆಂಪು ಮಖಮಲ್ಲಿನಲ್ಲಿ ತೂಕದ ಬೊಟ್ಟುಗಳಿಗೆ ಆರು ತಗ್ಗು. ಇಪ್ಪತ್ತು ತೊಲೆ, ಐದು, ಎರಡು, ಮತ್ತೊಂದು ಎರಡು, ಒಂದು. ಪ್ರತಿಯೊಂದರ ನೆತ್ತಿಯ ಮೇಲೂ ಉಗುರಿನಷ್ಟು ನಂದಿಯ ಮುದ್ರೆ. ಎರಡನೆಯ ತಗ್ಗು ಮಾತ್ರ ಖಾಲಿ.

“ಹತ್ತು ತೊಲೀದು ಎಲ್ರಿ?”

“ನಮ್ಮ ಅಜ್ಜನ ಸಾಮಾನ ಅದು. ಹತ್ತು ತೊಲೀದು ಗೌರವ್ವತ್ತಿ ಮದುವ್ಯಾದಾಗ ಒಯ್ದಳಂತ. ಮೂಡಲಗಿಗೆ ಕೊಟ್ಟಾರ ಆಕಿನ್ನ.”

ಕಾಶೆವ್ವ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಏಣಿ ಇಳಿದು, ಮಾಲಿಂಗಪ್ಪ ಕೇಳಿದ ಹಣ ಎಣಿಸಿಕೊಟ್ಟಳು. ಮೋಟಾರು ಸಿಕ್ಕಿತು. ದಾರಿಯುದ್ದಕ್ಕೂ ಪೆಟ್ಟಿಗೆ ತೊಡೆಯ ಮೇಲೇ ಇತ್ತು. ಪಕ್ಕದಲ್ಲಿದ್ದ ಹೆಂಗಸು ಒಳಗೆ ಏನು ಎಂದು ಕೇಳಿದ್ದಕ್ಕೆ, “ನನ್ನ ನಸೀಬು” ಎಂದಳು.

ಕಾಶೆವ್ವ ಕೊಣ್ಣೂರಿನಲ್ಲಿ ಹುಟ್ಟಿ ಗೋಕಾಕದ ಕಂಚುಗಾರ ಪರಪ್ಪನ ಮನೆಗೆ ಸೊಸೆಯಾಗಿ ಬಂದವಳು. ಮೊದಲು ತಿದಿ ಒತ್ತುತ್ತಿದ್ದಳು. ಕರಗಿದ ಹಿತ್ತಾಳೆಯ ಬಣ್ಣ ನೋಡಿ ಸುರಿಯುವ ಗಳಿಗೆ ಹೇಳುವಷ್ಟು ಮುಂದೆ ಕಲಿತಳು. ಗಂಡ ತೀರಿ ಆರು ವರ್ಷವಾಗಿತ್ತು. ಅವನ ಮೂಸೆ, ಅರ, ಬೈರಿಗೆ ಹಿತ್ತಲಲ್ಲಿ ಉಳಿದಿದ್ದವು. ವಾರಕ್ಕೊಮ್ಮೆ ಊರೂರು ತಿರುಗಿ ಹಳೆಯ ದೀಪ, ಕೀಲಿ, ಎಲೆಯ ಪೆಟ್ಟಿಗೆ ಹುಡುಕಿ ತರುತ್ತಿದ್ದಳು. ದುರಸ್ತಿ ಮಾಡಿ ಬಾಪುಸಾಹೇಬರ ಹಳೇ ಸಾಮಾನಿನ ಅಂಗಡಿಗೆ ಕೊಡುತ್ತಿದ್ದಳು. ಮೊದಲು ನೋಡುವುದು, ಆಮೇಲೆ ಅಂಟವಾಳದ ನೀರಿನಲ್ಲಿ ತೊಳೆಯುವುದು, ಬೇರೆ ದಾರಿಯೇ ಇಲ್ಲದಾಗ ಮಾತ್ರ ತಿಕ್ಕುವುದು. ಇದು ಅವಳ ಕ್ರಮ. ಕೊಳ್ಳಲು ಬೆಳಗಾವಿ, ಮಿರಜ, ಕೊಲ್ಹಾಪುರದಿಂದ ಜನ ಬರುತ್ತಿದ್ದರು. ಇಷ್ಟು ಚೆಂದ ಯಾರು ಮಾಡಿದರು ಎಂದು ಅವರು ಕೇಳಿದರೆ ಬಾಪುಸಾಹೇಬರು ಪ್ರತಿಸಲವೂ, “ಬೆಳಗಾವಿ ಮಿಸ್ತ್ರಿ” ಎನ್ನುತ್ತಿದ್ದರು. ಅಂಗಡಿಯ ಪೂರ್ವದ ಕಿಟಕಿಯ ಕೆಳಗೆ ಇಕ್ಕಳ ಬಿಗಿದ ಒಂದು ಬೆಂಚು ವರ್ಷದಿಂದ ಖಾಲಿ ಬಿದ್ದಿತ್ತು. ಕಾಶೆವ್ವ ಅಂಗಡಿಗೆ ಬಂದಾಗಲೆಲ್ಲ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಹೋಗುತ್ತಿದ್ದಳು.

ಆ ಮಧ್ಯಾಹ್ನ ಪೆಟ್ಟಿಗೆ ಕಂಡ ಬಾಪುಸಾಹೇಬರು ಗಾದಿಯಿಂದ ಎದ್ದೇ ನಿಂತರು.

“ಅರೇ ವಾ! ಸೋಮವಾರ ಮಿರಜದ ವಕೀಲರು ಬರಾಕತ್ತಾರ. ತಕ್ಕಡಿ ಅಂದ್ರ ಜೀವಾ ಬಿಡ್ತಾರ ಅವರು. ಖರೆ, ಈ ತಗ್ಗ ಖಾಲಿ ಇದ್ರ ಹಲ್ಲ ಬಿದ್ದ ಮದುಮಗಳ ತೋರಿಸಿದಂಗ ಅಕ್ಕೈತಿ.”

“ಹಲ್ಲ ಎಲ್ಲೈತಿ ಅನ್ನೂದು ನನಗ ಗೊತ್ತೈತ್ರಿ. ತುಂಬಿಸಿದ್ರ ಏನ ಕೊಡ್ತೀರಿ?”

“ಏನ ಬೇಕು?”

“ಆ ಬೆಂಚು. ಮತ್ತ ವಕೀಲರ ಮುಂದ ನನ್ನ ಹೆಸರು.”

ಬಾಪುಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಇಪ್ಪತ್ತು ತೊಲಿ ಒಂದ ಪರಡಿಯೊಳಗ, ಉಳದ ಐದೂ ಇನ್ನೊಂದ ಪರಡಿಯೊಳಗ. ಮುಳ್ಳ ನಟ್ಟನಡುವ ನಿಂತ್ರ ಬೆಂಚೂ ನಿಂದು, ಹೆಸರೂ ನಿಂದು. ನಿಲ್ಲಲಿಲ್ಲಂದ್ರ ಬೆಳಗಾವಿ ಮಿಸ್ತ್ರಿನ ಖಾಯಂ.”

ಪರೀಕ್ಷೆ ನ್ಯಾಯವಾದದ್ದೇ. ಹತ್ತು, ಐದು, ಎರಡು, ಎರಡು, ಒಂದು ಕೂಡಿದರೆ ಸರಿಯಾಗಿ ಇಪ್ಪತ್ತು.

ಮರುದಿನ ಮೂಡಲಗಿಯಲ್ಲಿ ಗೌರವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಲವತ್ತೈದರ ಆಸುಪಾಸಿನ ಆ ಹೆಂಗಸು ಅಂಗಳದಲ್ಲಿ ಕುಳಿತು ದೇವರ ಜಗಲಿಯ ಮೂರ್ತಿಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಹಲಗೆಯ ಮೇಲಿನ ಸಾಲಿನಲ್ಲಿ ಕೊನೆಯದಾಗಿ, ಬಿಸಿಲಿಗೆ ಬಂಗಾರದಂತೆ ಹೊಳೆಯುತ್ತ, ಹತ್ತು ತೊಲೆಯ ಬೊಟ್ಟು ನಿಂತಿತ್ತು! ಕಾಶೆವ್ವನಿಗೆ ಮಾತು ತೊದಲಿತು.

“ಮಾಲಿಂಗಪ್ಪಣ್ಣ ಹೇಳಿ ಕಳಿಸ್ಯಾರ್ರಿ...”

“ಅಂವಗ ಈ ಅತ್ತಿ ನೆನಪ ಐದ ವರ್ಷಕ್ಕೊಮ್ಮೆ ಬರ್ತೈತಿ. ಕುಂಡ್ರವಾ. ಕೈ ಬೂದಿ ಆಗೈತಿ.” ಗೌರವ್ವ ಅವಳ ದೃಷ್ಟಿ ನೆಟ್ಟ ಕಡೆ ನೋಡಿದಳು. “ಇದಾ? ನಮ್ಮಪ್ಪನ ಅಂಗಡಿ ಲಕ್ಷ್ಮಿ. ದೀಪಾವಳಿಗೆ ತಕ್ಕಡಿ ಪೂಜಿ ಮಾಡಿದಾಗ ಇದಕ್ಕ ಮೊದಲ ಕುಂಕುಮ. ನನ್ನ ಮದುವ್ಯಾಗ, ನಿನ್ನ ಕೂಡ ಇರ್ಲಿ ಅಂತ ಉಡಿಯೊಳಗ ಹಾಕಿದ. ಮೂವತ್ತೊಂದು ವರ್ಷ ಆತು, ಒಂದ ಶುಕ್ರವಾರ ತಪ್ಪಿಸಿಲ್ಲ. ಬಾಣಂತ್ಯಾಗಿದ್ದಾಗೂ ನಾದಿನಿ ಕಡಿಂದ ತಿಕ್ಕಿಸೇನಿ.”

ಕಾಶೆವ್ವ ತಕ್ಕಡಿ ಸಿಕ್ಕ ಕಥೆ ಹೇಳಿದಳು. ಗೌರವ್ವನ ಕೈ ನಿಂತಿತು.

“ಒಂದ ಪರಡಿ ಅಂಚಿಗೆ ಹಲ್ಲಿನ ಗುರ್ತ ಐತೇನ?”

“ಐತ್ರಿ! ನಿನ್ನೆ ಬಡದು ನೆಟ್ಟಗ ಮಾಡಬೇಕಂತ ಸುತ್ತಿಗಿ ಹಿಡಿದಿದ್ದೆ. ಯಾಕೋ ಬಿಟ್ಟೆ.”

“ನಾನ ಕಚ್ಚಿದ್ದೆ. ಅಪ್ಪ ಪೇಡೆ ಕೊಡಲಿಲ್ಲಂತ ಸಿಟ್ಟು.” ಗೌರವ್ವ ನಗುತ್ತ ನಗುತ್ತ ಮೊಣಕೈಯಿಂದ ಕಣ್ಣೊರೆಸಿಕೊಂಡಳು. “ಒಯ್ಯವಾ. ಆಕಿನೂ ತನ್ನ ತವರಿಗೆ ಹೋಗಲಿ. ಬರಿಗೈಲೆ ಮಾತ್ರ ಕಳಸೂದಿಲ್ಲ.”

ಹೊಸ ಕುಪ್ಪಸದ ಬಟ್ಟೆಯಲ್ಲಿ ಬೊಟ್ಟನ್ನಿಟ್ಟು ಅಕ್ಕಿ, ಎಲೆ, ಅಡಿಕೆ, ಒಣಕೊಬ್ಬರಿ ಹಾಕಿ ಉಡಿ ತುಂಬಿದಳು. ಜಗಲಿಯ ಮೇಲೆ ಅದು ಕೂರುತ್ತಿದ್ದ ಜಾಗದಲ್ಲಿ ರೂಪಾಯಿಯಗಲದ ಬಿಳಿ ಗುರುತು ಉಳಿದಿತ್ತು.

ಶನಿವಾರ ಬೆಳಿಗ್ಗೆ ಕಾಶೆವ್ವ ಹಿತ್ತಲಲ್ಲಿ ತಕ್ಕಡಿ ತೂಗುಹಾಕಿದಳು. ದಂಡಿಗೆಯ ತುಕ್ಕು ಬಿಡಿಸಿ, ಹೊಸ ರೇಶಿಮೆ ದಾರ ಕಟ್ಟಿ ಆಗಿತ್ತು. ಬರಿ ಪರಡಿಗಳಿದ್ದಾಗ ಮುಳ್ಳು ನಡುವೆ ನಿಂತಿತು. ಇಪ್ಪತ್ತನ್ನು ಎಡಕ್ಕೆ, ಉಳಿದ ಐದು ಬೊಟ್ಟುಗಳನ್ನೂ ಬಲಕ್ಕೆ ಇಟ್ಟಳು. ಮುಳ್ಳು ತೂಗಿತು, ತೂಗಿತು, ಎಡಕ್ಕೆ ವಾಲಿ ನಿಂತಿತು.

ಪರಡಿ ಅದಲುಬದಲು ಮಾಡಿದಳು. ಆಗಲೂ ಇಪ್ಪತ್ತರ ಕಡೆಯೇ ಭಾರ. ಹತ್ತನ್ನು ಒಂದೇ ಇಟ್ಟು, ಎದುರಿಗೆ ಉಳಿದ ನಾಲ್ಕನ್ನು ಇಟ್ಟಳು. ಹತ್ತೇ ಹಗುರ. ಅಕ್ಕಸಾಲಿಗರು ತೂಕಕ್ಕೆ ಬಳಸುವ ಕೆಂಪು ಗುಲಗಂಜಿ ಬೀಜಗಳನ್ನು ಒಂದೊಂದಾಗಿ ಅದರ ಪರಡಿಗೆ ಹಾಕುತ್ತ ಹೋದಳು. ತೊಂಬತ್ತಾರು ಗುಂಜಿಗೆ ಒಂದು ತೊಲೆ. ಹದಿನೇಳನೆಯ ಗುಂಜಿಗೆ ಮುಳ್ಳು ನಡುವೆ ಬಂತು.

ಬೊಟ್ಟನ್ನು ಕೈಗೆತ್ತಿಕೊಂಡು ಹೆಬ್ಬೆರಳು ಆಡಿಸಿದಳು. ಉಳಿದವುಗಳ ಮೇಲೆ ನಂದಿಯ ಗೊರಸು ಕೂಡ ಎಣಿಸಲು ಬರುತ್ತಿತ್ತು. ಇದರ ಮೇಲೆ ಕೋಡು ಮಾತ್ರ ಉಳಿದಿತ್ತು. ಆಗ ಹೊಳೆಯಿತು. ಹುಣಸೆಹಣ್ಣು, ಬೂದಿ, ಶುಕ್ರವಾರ. ಪೂಜೆಯೇ ಲಕ್ಷ್ಮಿಯನ್ನು ತೇಯ್ದಿತ್ತು.

ಉಪಾಯ ಕೈಯಳತೆಯಲ್ಲೇ ಇತ್ತು. ತಳಕ್ಕೆ ಬೈರಿಗೆಯಿಂದ ತೂತು ಕೊರೆದು, ಸೀಸ ಸುರಿದು, ಮೇಲೆ ಹಿತ್ತಾಳೆಯ ಬಿಲ್ಲೆ ಬೆಸೆದರೆ ಅರ್ಧ ಗಂಟೆಯ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ಬೆಂಚು, ಕಿಟಕಿ, ಹೆಸರು. ಅವಳು ಬೈರಿಗೆ ಎತ್ತಿಕೊಂಡು ಬೊಟ್ಟನ್ನು ಮಗುಚಿದಳು. ತಳದಲ್ಲಿ ಉಡಿಯ ಅಕ್ಕಿ ಕಾಳೊಂದು ಅಂಟಿಕೊಂಡಿತ್ತು. ಗೌರವ್ವನ ದೇವರ ಹೊಟ್ಟೆಗೆ ತೂತು ಹಾಕಲು ಕೈ ಬರಲಿಲ್ಲ. ಬೈರಿಗೆಯನ್ನು ಗೂಟಕ್ಕೆ ತೂಗುಹಾಕಿದಳು.

ಹಾಗಾದರೆ ಹೊಸದನ್ನೇ ಎರಕ ಹೊಯ್ಯಬೇಕು! ಈ ಯೋಚನೆ ಬಂದದ್ದೇ ತಡ, ಅವಳ ಕಾಲಿಗೆ ಚಕ್ರ ಬಂದಂತಾಯಿತು. ಮರಳಿನ ಅಚ್ಚು, ಇದ್ದಿಲು, ಗಂಡ ಜೋಪಾನ ಮಾಡಿಟ್ಟಿದ್ದ ಹಳೆಯ ಹಿತ್ತಾಳೆ. ಮಧ್ಯಾಹ್ನದೊಳಗೆ ಎರಕವಾಯಿತು, ಬೇಕೆಂದೇ ಕೊಂಚ ಭಾರವಾಗಿ. ಭಾನುವಾರವಿಡೀ ಅರ ಹಿಡಿದಳು. ಮೊದಲು ನೂರು ಸಲ ಉಜ್ಜಿ ಒಮ್ಮೆ ತೂಗುವುದು, ಆಮೇಲೆ ಹತ್ತು ಸಲಕ್ಕೊಮ್ಮೆ, ಕೊನೆಗೆ ಒಂದೊಂದು ಸಲಕ್ಕೂ. ತೂಗುವಾಗ ಉಸಿರು ಬಿಗಿಹಿಡಿಯುತ್ತಿದ್ದಳು, ಪರಡಿ ಅಲುಗಬಾರದಲ್ಲ. ಸಂಜೆ ಐದೂವರೆಗೆ ಮುಳ್ಳು ನಡುವೆ ನಿಂತಿತು. ಪರಡಿ ಬದಲಿಸಿದಳು. ಆಗಲೂ ನಿಂತಿತು. ತೂಗುವ ಮೊದಲೇ ತಳದಲ್ಲಿ ಒಂದು ಅಕ್ಷರ ಒತ್ತಿದ್ದಳು: ‘ಕಾ’.

ಸೋಮವಾರ ಹನ್ನೊಂದಕ್ಕೆ ವಕೀಲರು ಬಂದರು. ಬಾಪುಸಾಹೇಬರೇ ಬೊಟ್ಟುಗಳನ್ನು ಇಟ್ಟರು. ಮುಳ್ಳು ಅತ್ತ ಹೋಯಿತು, ಇತ್ತ ಬಂತು, ನಟ್ಟನಡುವೆ ನಿಂತು ಅಲ್ಲಾಡಲಿಲ್ಲ.

“ವಾಹ್!” ಎಂದರು ವಕೀಲರು. “ಆರೂ ಹಳೇವೇನ್ರಿ?”

ಬಾಪುಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕಾಶೆವ್ವ ಹೇಳಿದಳು. “ಐದು ಹಳೇವ್ರಿ. ಹತ್ತು ತೊಲೀದು ನಿನ್ನೆ ಮಾಡಿದ್ದು.”

ಬಾಪುಸಾಹೇಬರ ಮುಖ ಸುಣ್ಣವಾಯಿತು. ವಕೀಲರು ಬೊಟ್ಟನ್ನು ಎತ್ತಿ ಮಗುಚಿದರು. “ಇದ್ಯಾರ ಮುದ್ರಿ?”

ಬಾಪುಸಾಹೇಬರು ಒಮ್ಮೆ ಕಾಶೆವ್ವನನ್ನು, ಒಮ್ಮೆ ಖಾಲಿ ಬೆಂಚನ್ನು ನೋಡಿದರು. ಅವರು ಪಣ ಕಟ್ಟಿದ್ದು ಮುಳ್ಳಿನ ಮೇಲೆ. ಹಳೆಯದೇ ಆಗಬೇಕೆಂದು ಅವರು ಹೇಳಿರಲಿಲ್ಲ. ಆಡಿದ ಮಾತು ತಿರುಗಿಸುವ ಮನುಷ್ಯರೂ ಅಲ್ಲ.

“ನಮ್ಮ ಕಾಶೆವ್ವಂದ್ರಿ. ಆ ಬೆಂಚಿನ ಮ್ಯಾಲ ಕುಂತ ಕೆಲಸ ಮಾಡ್ತಾಳ.”

“ಯಾವಾಗಿಂದ?”

“ಇವತ್ತಿಂದ್ರಿ.”

ವಕೀಲರು ಜೋರಾಗಿ ನಕ್ಕರು. ತಕ್ಕಡಿಯನ್ನೂ ಒಯ್ದರು, ಮನೆಯಲ್ಲಿ ಕೆಟ್ಟು ಕೂತಿದ್ದ ಎರಡು ದೀಪಗಳನ್ನು ಕಳಿಸುತ್ತೇನೆಂದು ಅವಳಿಗೇ ಹೇಳಿಹೋದರು. ಆ ಬೆಂಚಿನ ಮೇಲೆ ಕಾಶೆವ್ವ ಹನ್ನೊಂದು ವರ್ಷ ಕುಳಿತಳು. ‘ಕಾ’ ಮುದ್ರೆಯ ಕೀಲಿಗಳು, ದೀಪಗಳು ಗೋಕಾಕದಾಚೆಗೂ ಹೋದವು.

ಆದರೆ ಬೆಂಚು ಸಿಕ್ಕ ವಾರದ ಶುಕ್ರವಾರ ಅವಳು ಅಲ್ಲಿರಲಿಲ್ಲ. ಮೂಡಲಗಿಯ ಅಂಗಳದಲ್ಲಿದ್ದಳು. ಕುಪ್ಪಸದ ಬಟ್ಟೆ ಬಿಚ್ಚಿ ಬೊಟ್ಟನ್ನು ಹಲಗೆಯ ಮೇಲೆ, ಅದರ ಹಳೆಯ ಜಾಗದಲ್ಲಿ ಇಟ್ಟಳು. ಗೌರವ್ವನ ಮುಖ ಅರಳಿತು.

“ಬಂದಳಾ! ತವರಾಗ ಇಟ್ಕೊಳ್ಳಲಿಲ್ಲೇನ?”

ಕಾಶೆವ್ವ ನಡೆದದ್ದನ್ನೆಲ್ಲ ಹೇಳಿದಳು. ಹದಿನೇಳು ಗುಂಜಿ ಎಂದಾಗ ಗೌರವ್ವನ ಕೈಯಲ್ಲಿದ್ದ ಹುಣಸೆಹಣ್ಣು ಬೂದಿಯಲ್ಲಿ ಬಿತ್ತು.

“ಅಂದ್ರ ಅಪ್ಪನ ಲಕ್ಷ್ಮಿನ್ನ ನನ್ನ ಕೈಲೇ ನಾನ ಸವಿಸಿದ್ನೇನ?”

ಕಾಶೆವ್ವ ಅದರ ಲೆಕ್ಕವನ್ನೂ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ಮಾಡಿಯೇ ಬಂದಿದ್ದಳು. ಮೂವತ್ತೊಂದು ವರ್ಷ, ವರ್ಷಕ್ಕೆ ಐವತ್ತೆರಡು, ಭಾಗಿಸು ಹದಿನೇಳು. ಬೂದಿಯಿಂದ ಹುಣಸೆಹಣ್ಣು ಎತ್ತಿ ಗೌರವ್ವನ ಅಂಗೈಯಲ್ಲಿಟ್ಟಳು.

“ನಿಮ್ಮ ಕೈ ಭಾಳ ಹಗರ ಐತ್ರಿ, ಯಕ್ಕಾ. ಒಂದ ಗುಂಜಿಗೆ ತೊಂಬತ್ತೈದು ಶುಕ್ರವಾರ.”