ಕಣ್ಣಳತೆಯವರ ಹದಿನೇಳು ಮೀಟರ್ ಮರ

ಆ ಊರಿನಲ್ಲಿ ಮರ ಉರುಳಿಸುವವರು ಇಬ್ಬರೇ, ಅವರಿಬ್ಬರೂ ಒಂದೇ ಮನೆಯ ಅಳಿಯಂದಿರು. ಅಕ್ಕನನ್ನು ಕಟ್ಟಿಕೊಂಡವರಿಗೆ ಕಣ್ಣಳತೆಯವರು ಎಂದು ಹೆಸರು. ಆರಡಿ ಎರಡಂಗುಲದ ಆಳು. ಮರದ ಬುಡದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಮರವನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹದಿನಾಲ್ಕು" ಎಂದರೆ ಮರ ಹದಿನಾಲ್ಕೇ ಮೀಟರ್ ಇರಬೇಕು, ಬೇರೆ ದಾರಿಯೇ ಇರಲಿಲ್ಲ. ಮೂವತ್ತು ವರ್ಷಗಳಲ್ಲಿ ಅವರು ಉರುಳಿಸಿದ ಒಂದು ಮರವೂ ಬೇಲಿ ದಾಟಿರಲಿಲ್ಲ, ಹೆಂಚು ಮುಟ್ಟಿರಲಿಲ್ಲ. ರಣರಂಗದಲ್ಲಿ ಸೇನಾಪತಿ ನಿಂತಂತೆ ಅವರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು; ಮರಗಳು ಮರ್ಯಾದೆಯಾಗಿ ತೋರಿಸಿದ ಜಾಗಕ್ಕೆ ಬಂದು ಬೀಳುತ್ತಿದ್ದವು.

ಹೀಗೆ ಸುಖವಾಗಿದ್ದ ಸಾಮ್ರಾಜ್ಯಕ್ಕೆ ಷಡ್ಡಕನ ಪ್ರವೇಶವಾಯಿತು.

ತಂಗಿಯ ಗಂಡ ಗಿಡ್ಡ ಮನುಷ್ಯ. ನಿಂತರೆ ಕಣ್ಣಳತೆಯವರ ಭುಜಕ್ಕೆ ಬರುತ್ತಿದ್ದ. ಮರಗೆಲಸಕ್ಕೆ ಬಂದು ಇನ್ನೂ ನಾಲ್ಕು ವರ್ಷ. ಅವನ ಚೀಲದಲ್ಲಿ ಗರಗಸ, ಬೆಣೆ, ಹಗ್ಗಗಳ ಜೊತೆಗೆ ಶಾಲೆಯ ಮಕ್ಕಳ ಕಂಪಾಸು ಡಬ್ಬಿಯ ಕೋನಮಾಪಕವೊಂದಿತ್ತು. ಅದರ ನಡುವಿನಿಂದ ಒಂದು ದಾರ, ದಾರದ ತುದಿಗೆ ಸೈಕಲ್ಲಿನ ನಟ್ಟು. ಕೋನಮಾಪಕವನ್ನು ತಲೆಕೆಳಗು ಹಿಡಿದು, ಅದರ ಚಪ್ಪಟೆ ಅಂಚಿನ ಗುಂಟ ಮರದ ತುದಿಯನ್ನು ನೋಡಿ, ದಾರ ಯಾವ ಗೆರೆಯ ಮೇಲೆ ನಿಂತಿತು ಎಂದು ಓದುತ್ತಿದ್ದ. ಅದಕ್ಕೆಂದೇ ಹಳೆಯ ಅಂಕಿಗಳನ್ನು ಉಜ್ಜಿ, ಸೊನ್ನೆ ನಡುವೆ ಬರುವಂತೆ ಹೊಸದಾಗಿ ಬರೆದುಕೊಂಡಿದ್ದ. ಇಷ್ಟನ್ನೂ ಕಣ್ಣಳತೆಯವರು ಮಕ್ಕಳಾಟ ಎಂದು ನಕ್ಕು ಬಿಡುತ್ತಿದ್ದರು. ಆದರೆ ಅವನ ಮರಗಳೂ ಬೇಲಿ ದಾಟುತ್ತಿರಲಿಲ್ಲ. ಅದನ್ನು ಮಾತ್ರ ನಕ್ಕು ಬಿಡಲಾಗಲಿಲ್ಲ.

ಹೊಟ್ಟೆಯಲ್ಲಿ ಕೆಂಡ ಬಿದ್ದದ್ದು ಒಂದು ಭಾನುವಾರ, ಷಡ್ಡಕನ ಮನೆಯ ಊಟದ ಮೇಜಿನಲ್ಲಿ. ಕಣ್ಣಳತೆಯವರ ಹೆಂಡತಿ ತಾನಾಗಿಯೇ ಕೇಳಿದಳು.

"ಅದೇನದು ದಾರ ಕಟ್ಟಿರೋದು? ನಂಗೂ ಒಂಚೂರು ತೋರಿಸಿ."

"ಬನ್ನಿ ಅಕ್ಕ," ಎಂದು ಷಡ್ಡಕ ಹುರುಪಿನಿಂದ ಲೋಟವೊಂದನ್ನು ಮರ ಮಾಡಿ ನಿಲ್ಲಿಸಿದ. "ನೋಡಿ, ಮರ ನೆಟ್ಟಗಿದೆ, ನೆಲ ಮಟ್ಟಸವಾಗಿದೆ. ಅವೆರಡೂ ಸೇರೋ ಮೂಲೆ ಲಂಬಕೋನ. ನನ್ನ ಕಣ್ಣಿಂದ ಮರದ ತುದಿಗೆ ಒಂದು ಓರೆ ಗೆರೆ ಎಳೆದ್ರೆ ತ್ರಿಭುಜ ಆಯ್ತು. ನನಗೂ ಮರಕ್ಕೂ ಎಷ್ಟು ದೂರ ಅಂತ ಟೇಪು ಹೇಳತ್ತೆ. ಎಷ್ಟು ಮೇಲಕ್ಕೆ ನೋಡ್ತಿದೀನಿ ಅಂತ ದಾರ ಹೇಳತ್ತೆ. ಒಂದೊಂದು ಕೋನಕ್ಕೂ ಈ ಚೀಟೀಲಿ ಒಂದೊಂದು ಅಂಕಿ ಇದೆ. ನಲವತ್ತೈದಕ್ಕೆ ಒಂದು, ಅರವತ್ತಕ್ಕೆ ಒಂದು ಪಾಯಿಂಟು ಏಳು ಮೂರು. ದೂರವನ್ನ ಆ ಅಂಕಿಯಿಂದ ಗುಣಿಸೋದು."

ಕಣ್ಣಳತೆಯವರು ಪೇಪರ್ ಓದುತ್ತಿದ್ದರು. ಅಂದರೆ ಕಿವಿಯನ್ನು ಪೇಪರಿನಾಚೆಗೆ ಚಾಚಿ, ಒಂದೊಂದು ಅಂಕಿಯನ್ನೂ ಕದ್ದು ಒಳಗೆ ಹಾಕಿಕೊಳ್ಳುತ್ತಿದ್ದರು.

"ಅಯ್ಯೋ ಇಷ್ಟೇನಾ! ಮರ ಹತ್ತದೇನೇ ಎತ್ತರ ಗೊತ್ತಾಗತ್ತಲ್ರೀ! ಎಂಥಾ ಬುದ್ಧಿವಂತರಪ್ಪ ನೀವು," ಎಂದಳು ಹೆಂಡತಿ. "ಗುಣಿಸಿದ್ರೆ ಮುಗೀತಾ?"

ಬುದ್ಧಿವಂತರು! ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಗಸು ಈ ಮಾತನ್ನು ಒಮ್ಮೆಯೂ ಮನೆಯಲ್ಲಿ ಬಳಸಿರಲಿಲ್ಲ. ಯಾರಿಗೋ ಅಂತ ಎತ್ತಿಟ್ಟಿದ್ದಳು ಎಂದಾಯಿತು. ಕಣ್ಣಳತೆಯವರು ಪೇಪರನ್ನು ಕುರ್ಚಿಗೆ ಬಡಿದು ಹಿತ್ತಲಿನ ನಲ್ಲಿಗೆ ಹೋಗಿ, ಆಗಲೇ ತೊಳೆದಿದ್ದ ಕೈಯನ್ನು ಇನ್ನೊಮ್ಮೆ ತೊಳೆದರು. ಬಹಳ ಹೊತ್ತು ತೊಳೆದರು.

ಅದಾದ ತಿಂಗಳಿಗೆ ನರ್ಸರಿಯಮ್ಮನ ಮರ ಒಣಗಿತು. ನರ್ಸರಿಯಮ್ಮ ಎಂದರೆ ಹೂಗಿಡ, ಸಸಿ ಮಾರುವ ಜಬರದಸ್ತು ಹೆಂಗಸು. ಆಕೆ ಒಮ್ಮೆ ಒಬ್ಬರನ್ನು ಹೊಗಳಿದರೆ ಊರಿನ ಅರ್ಧ ಹಿತ್ತಲುಗಳ ಕೆಲಸ ಅವರಿಗೇ. ಮರದ ಒಂದು ಕಡೆ ಮನೆ, ಇನ್ನೊಂದು ಕಡೆ ವಿದ್ಯುತ್ ತಂತಿ, ಹಿಂದೆ ಹತ್ತೇ ಮೀಟರಿಗೆ ಕಾಂಪೌಂಡು. ಮುಂದೆ ಮಾತ್ರ ಬಯಲು. ಆ ಬಯಲಿನ ತುದಿಯಲ್ಲಿ, ಬುಡದಿಂದ ಸರಿಯಾಗಿ ಹದಿನೆಂಟು ಮೀಟರಿಗೆ, ಸಸಿಗಳ ಗಾಜಿನ ಮನೆ.

ಷಡ್ಡಕ ಮೊದಲೇ ಬಂದು ನೋಡಿ ಹೋಗಿದ್ದ. "ಹತ್ತೊಂಬತ್ತು ಅಂದ್ರು ನಿಮ್ಮ ಷಡ್ಡಕರು," ಎಂದಳು ನರ್ಸರಿಯಮ್ಮ. "ಹಂಗೇ ಉರುಳಿಸಿದ್ರೆ ಗಾಜಿಗೆ ಬೀಳತ್ತಂತೆ. ಮೇಲಿನ ಭಾಗ ತುಂಡು ತುಂಡಾಗಿ ಇಳಿಸಿ ಆಮೇಲೆ ಬುಡ ಕತ್ತರಿಸ್ಬೇಕು, ಎರಡು ದಿನ ಬೇಕು ಅಂದ್ರು. ನೀವೇನಂತೀರಿ?"

ಕಣ್ಣಳತೆಯವರು ಒಂದು ಕಣ್ಣು ಮುಚ್ಚಿದರು. ತೆರೆದ ಕಣ್ಣು ಬುಡದಿಂದ ಮೇಲಕ್ಕೆ ಹೋಯಿತು, ತುದಿಯಲ್ಲಿ ನಿಂತಿತು, ಮೂವತ್ತು ವರ್ಷದ ನಿಷ್ಠೆಯಿಂದ ಒಡೆಯನಿಗೆ ವರದಿ ಒಪ್ಪಿಸಿತು: ಹತ್ತೊಂಬತ್ತು.

ಹತ್ತೊಂಬತ್ತೆ? ಆ ಗಿಡ್ಡ ಹೇಳಿದ್ದನ್ನೇ ಇವರೂ ಹೇಳುವುದೆ? ಹೇಳಿದರೆ ದಾರ ಕಟ್ಟಿದ ನಟ್ಟಿಗೂ ಈ ಕಣ್ಣಿಗೂ ವ್ಯತ್ಯಾಸವೇನು ಉಳಿಯಿತು? ಕಣ್ಣಳತೆಯವರ ಬಾಯಿ ಕಣ್ಣಿನ ಅಪ್ಪಣೆ ಕೇಳದೆ ತೆರೆಯಿತು.

"ಹದಿನೇಳು. ಕೂದಲೆಳೆ ಹೆಚ್ಚಿಲ್ಲ. ಅರ್ಧ ದಿನದಲ್ಲಿ ಮಲಗಿಸ್ತೀನಿ."

"ನಿಜವಾಗ್ಲೂ?"

"ಅಮ್ಮ, ನಾನು ಮರ ನೋಡೋಕೆ ಶುರು ಮಾಡಿದಾಗ ಅವನು ಚಡ್ಡಿ ಹಾಕ್ಕೊಂಡು ಮರಕೋತಿ ಆಡ್ತಿದ್ದ."

ಕೆಲಸ ಸಿಕ್ಕಿತು. ಆದರೆ ಕಣ್ಣಿಗೂ ಬಾಯಿಗೂ ಜಗಳವಾದ ಮೇಲೆ ಮನುಷ್ಯ ಅನ್ನ ಹೇಗೆ ತಿಂದಾನು? ಮರುದಿನ ಕಣ್ಣಳತೆಯವರು ಆಚೆ ಬಡಾವಣೆಯ, ಯಾರೂ ಗುರುತು ಹಿಡಿಯದ ಪುಸ್ತಕದಂಗಡಿಗೆ ಹೋಗಿ ಕೋನಮಾಪಕ ಕೇಳಿದರು.

"ಯಾರಿಗೆ, ಎಷ್ಟನೇ ಕ್ಲಾಸು?" ಎಂದ ಅಂಗಡಿಯವನು.

"ಮೊಮ್ಮಗಳಿಗೆ. ಏಳನೇ ಕ್ಲಾಸು." ಅವರ ಮಗಳಿಗೆ ಇನ್ನೂ ಮದುವೆಯಾಗಿರಲಿಲ್ಲ.

ದಾರ ಕಟ್ಟಿದರು, ನಟ್ಟು ತೂಗಿಬಿಟ್ಟರು, ಅಂಕಿಗಳನ್ನು ಉಜ್ಜಿ ಬರೆದರು. ನರ್ಸರಿಯಮ್ಮ ಊಟಕ್ಕೆ ಹೋದ ಹೊತ್ತು ನೋಡಿ, ಕಳ್ಳನಂತೆ ಹಿಂದಿನ ಬಾಗಿಲಿನಿಂದ ಬಂದು, ಕಾಂಪೌಂಡಿಗೆ ಬೆನ್ನು ಒರಗಿಸಿ ನೆಟ್ಟಗೆ ನಿಂತು, ಆ ಹಾಳು ಉಪಕರಣವನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಕಣ್ಣಿಗಿಟ್ಟುಕೊಂಡರು. ದೂರ ಹತ್ತು ಮೀಟರ್. ದಾರ ತೂಗಾಡಿ, ಯೋಚಿಸಿ, ಅರವತ್ತರ ಗೆರೆಯ ಮೇಲೆ ನಿಂತಿತು. ಅರವತ್ತಕ್ಕೆ ಒಂದು ಪಾಯಿಂಟು ಏಳು ಮೂರು. ಹತ್ತರಿಂದ ಗುಣಿಸಿದರೆ ಹದಿನೇಳು ಪಾಯಿಂಟು ಮೂರು.

ಹದಿನೇಳು!

ಕಣ್ಣಳತೆಯವರಿಗೆ ಕುಣಿಯುವಂತಾಯಿತು. ಬಾಯಿ ಹೇಳಿದ್ದೇ ನಿಜ, ಕಣ್ಣೇ ಮುದಿಯಾಗಿದೆ! ಶತ್ರುವಿನ ಆಯುಧವೇ ಶತ್ರುವಿನ ವಿರುದ್ಧ ಸಾಕ್ಷಿ ಹೇಳಿತ್ತು. ಅವತ್ತು ಮನೆಗೆ ಹೋದವರೇ ಹೆಂಡತಿಗೆ ಹೇಳಿದರು: "ಶನಿವಾರ ನಿನ್ನ ತಂಗೀನೂ ಅವಳ ಗಂಡನ್ನೂ ಬರೋಕೆ ಹೇಳು. ಮರ ಉರುಳಿಸೋದು ಅಂದ್ರೆ ಏನು ಅಂತ ನೋಡ್ಕೊಂಡು ಹೋಗ್ಲಿ."

ಶನಿವಾರ ಬೆಳಿಗ್ಗೆ ನರ್ಸರಿಯಲ್ಲಿ ಸಭೆ ಸೇರಿತು. ಷಡ್ಡಕ ಮರವನ್ನೊಮ್ಮೆ, ಗಾಜಿನ ಮನೆಯನ್ನೊಮ್ಮೆ ನೋಡಿ ಹತ್ತಿರ ಬಂದ.

"ಅಣ್ಣ, ತಪ್ಪು ತಿಳ್ಕೋಬೇಡಿ. ತಲೆ ಭಾಗ ಇಳಿಸಿಬಿಡೋಣ. ನಾನೇ ಹತ್ತುತೀನಿ, ನೀವು ಹಗ್ಗ ಹಿಡಿರಿ ಸಾಕು."

"ನೀನು ಹೆಂಗಸರ ಹತ್ತಿರ ನಿಂತ್ಕೊಳಪ್ಪ. ಧೂಳು ಕಣ್ಣಿಗೆ ಬಿದ್ದೀತು."

ಬೀಳುವ ಕಡೆ ಬುಡಕ್ಕೆ ಕಚ್ಚು ಹಾಕಿ ಬಾಯಿ ತೆಗೆದರು, ನೆಲದಿಂದ ಗೇಣೆತ್ತರದಲ್ಲಿ. ಹಿಂದಿನಿಂದ ಗರಗಸ ಆಡಿತು, ಬೆಣೆ ಕೂತಿತು, ಹಗ್ಗ ಬಿಗಿಯಿತು. ಮರ ಕಿರುಗುಟ್ಟಿತು. ಕಣ್ಣಳತೆಯವರು ಸೊಂಟದ ಮೇಲೆ ಕೈಯಿಟ್ಟು ಹೆಂಡತಿಯ ಕಡೆ ತಿರುಗಿ, ಮರಕ್ಕೆ ಬೆನ್ನು ಹಾಕಿ ನಿಂತರು. ಗೆದ್ದವರು ನಿಲ್ಲುವುದು ಹಾಗೆಯೇ.

ಮರ ಒಂದಿಷ್ಟೂ ಓರೆಯಾಗದೆ, ಗೆರೆ ಹೊಡೆದಂತೆ ತೋರಿಸಿದ ದಾರಿಯಲ್ಲೇ ಮಲಗಿತು. ಧಡ್! ಅದರ ಹಿಂದೆಯೇ ಝಲ್ಲೆಂದು ಇನ್ನೊಂದು ಸದ್ದು, ಅಡುಗೆಮನೆಯ ಪಾತ್ರೆ ಕಪಾಟು ಮಗುಚಿದ ಹಾಗೆ. ಕಣ್ಣಳತೆಯವರು ತಿರುಗಲಿಲ್ಲ. ಹೆಂಡತಿಯ ಮುಖದಲ್ಲೇ ಎಲ್ಲ ಕಾಣುತ್ತಿತ್ತು.

ಮರದ ತುದಿ ಗಾಜಿನ ಮನೆಯೊಳಗೆ ಎರಡು ಮೊಳ ಹೊಕ್ಕಿತ್ತು. ಬಾಗಿಲು, ಬಾಗಿಲ ಮೇಲಿನ ಎಂಟು ಗಾಜು, ಮುಂದಿನ ಸಾಲಿನ ಸಸಿಗಳು ಪುಡಿ. ನರ್ಸರಿಯಮ್ಮ ತಲೆಯ ಮೇಲೆ ಕೈ ಹೊತ್ತಳು. "ಹದಿನೇಳು! ಕೂದಲೆಳೆ ಹೆಚ್ಚಿಲ್ಲ! ಈ ಕೂದಲು ಯಾವ ಪ್ರಾಣೀದು ಸ್ವಾಮಿ?"

ಕಣ್ಣಳತೆಯವರಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಕೋನಮಾಪಕವನ್ನು ಎಳೆದು ಷಡ್ಡಕನ ಮೂಗಿನ ಮುಂದೆ ಹಿಡಿದರು. "ಹೇಳಿದ್ದು ನಾನಲ್ಲ, ನಿನ್ನ ಈ ಮೋಸದ ಸಾಮಾನು! ಹತ್ತು ಮೀಟರು, ಅರವತ್ತು ಡಿಗ್ರಿ, ಗುಣಿಸಿದ್ರೆ ಹದಿನೇಳು ಪಾಯಿಂಟು ಮೂರು! ಎಲ್ಲಿ, ತಪ್ಪು ತೋರಿಸು!"

ನಟ್ಟು ಪಾಪ ಗಾಳಿಯಲ್ಲಿ ತೂಗಾಡುತ್ತಿತ್ತು. ಷಡ್ಡಕ ಬಾಯಿ ತೆರೆದು, ದೊಡ್ಡವರೆಂದು ಮುಚ್ಚಿಕೊಂಡ. ಉತ್ತರ ಬಂದದ್ದು ಹೆಂಡತಿಯಿಂದ.

"ನಿಮ್ಮನ್ನ ಕೂಡಿಸಿದ್ರಾ?"

"ನನ್ನನ್ನಾ?"

"ಅದನ್ನ ಹಿಡ್ಕೊಳ್ಳೋದು ಕಣ್ಣಿನ ಹತ್ತಿರ ಅಲ್ವಾ? ತ್ರಿಭುಜ ಅಲ್ಲಿಂದ ಮೇಲಕ್ಕೆ. ಕಣ್ಣಿಂದ ಕೆಳಗೆ ಕಾಲಿನವರೆಗೂ ನೀವೇ ಇದ್ದೀರಲ್ಲ, ಅಷ್ಟನ್ನ ಕೊನೇಲಿ ಸೇರಿಸ್ಬೇಕು. ಅವತ್ತೇ ಹೇಳಿದ್ರು. ನೀವು ಕೈ ತೊಳೀತಿದ್ರಿ."

ಜೀವಮಾನದಲ್ಲಿ ತನ್ನನ್ನು ಒಂದು ಗಳಿಗೆಯೂ ಮರೆಯದಿದ್ದ ಮನುಷ್ಯ, ಲೆಕ್ಕದಲ್ಲಿ ತನ್ನನ್ನೇ ಬಿಟ್ಟುಬಿಟ್ಟಿದ್ದ. ಅದೂ ಸಣ್ಣಪುಟ್ಟ ಆಳಲ್ಲ, ಕಣ್ಣಿನವರೆಗೆ ಒಂದೂಮುಕ್ಕಾಲು ಮೀಟರ್! ಷಡ್ಡಕ ಮರೆತಿದ್ದರೂ ಇಷ್ಟು ದೊಡ್ಡ ತಪ್ಪಾಗುತ್ತಿರಲಿಲ್ಲ ಎಂಬುದೊಂದೇ ಆ ಕ್ಷಣದಲ್ಲಿ ಕಣ್ಣಳತೆಯವರಿಗೆ ಸಿಕ್ಕ ಸಮಾಧಾನ.

ಮುಂದಿನದು ಇನ್ನೂ ಕಷ್ಟದ್ದು. ಷಡ್ಡಕ ನಗಲಿಲ್ಲ. ನಕ್ಕಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ಅವನು ಪೊರಕೆ ತಂದು ಗಾಜು ಗುಡಿಸಿದ, "ಕಾಲು ಜೋಪಾನ ಅಣ್ಣ" ಎಂದ. ಎರಡು ದಿನ ಇಬ್ಬರೂ ಸೇರಿ ಬಾಗಿಲು ನಿಲ್ಲಿಸಿ, ಎಂಟು ಗಾಜು ಕೂರಿಸಿದರು. ಮರದ ತಲೆಭಾಗ ಇಳಿಸಿದ್ದರೂ ಅಷ್ಟೇ ದಿನ ಹಿಡಿಯುತ್ತಿತ್ತು. ಎತ್ತರದ ಗಾಜುಗಳನ್ನು ಏಣಿಯಿಲ್ಲದೆ ಕೂರಿಸಿದವರು ಕಣ್ಣಳತೆಯವರೇ. ಅದನ್ನು ಅವರು ಮೂರು ಸಲ ಎಲ್ಲರಿಗೂ ಕೇಳುವಂತೆ ಹೇಳಿದರು.

ಕೆಲಸ ಮುಗಿಸಿ ಹೆಂಡತಿಯೊಡನೆ ಮನೆಗೆ ನಡೆಯುತ್ತ ಬೀದಿಯ ತಿರುವಿಗೆ ಬಂದಾಗ ಕಣ್ಣಳತೆಯವರ ಎದೆಯಲ್ಲಿ ಕುಟುಕುತ್ತಿದ್ದ ಸತ್ಯ ಹೊರಗೆ ಬಿತ್ತು.

"ಒಂದು ಮಾತು ಹೇಳ್ತೀನಿ, ನಂಬ್ತೀಯಾ? ಮೊದಲು ನೋಡಿದಾಗ ನನ್ನ ಕಣ್ಣಿಗೂ ಹತ್ತೊಂಬತ್ತೇ ಅನ್ನಿಸಿತ್ತು ಕಣೇ."

"ಹೂಂ," ಎಂದಳು ಹೆಂಡತಿ, ಸೆರಗಿನಿಂದ ಗಾಜಿನ ಚೂರೊಂದನ್ನು ಬಿಡಿಸಿ ಬೀದಿಯ ಅಂಚಿಗೆ ಹಾಕುತ್ತ. "ಗಾಜು ಒಡೆದ ಮೇಲೆ ನಂಗೂ ಹಾಗೇ ಅನ್ನಿಸ್ತು."