ಎರಡು ಸಲ ತಿರುಗಿದ ಅಂಕಿ

ಬೆಳಗಿನ ಆರು ಗಂಟೆ. ಮೂರನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿದೆ. ಡೇಟಾ ಎಂಟ್ರಿ ಮಾಡುವುದರಿಂದ ಎಲ್ಲರೂ ‘ಎಂಟ್ರಿ ಅಕ್ಕ’ ಎನ್ನುವ ಹೆಂಗಸು ಚಪ್ಪಲಿಯನ್ನು ಮೇಜಿನಡಿ ಬಿಟ್ಟು, ಎಡಗೈಯಲ್ಲಿ ಹಾಳೆ ತಿರುವುತ್ತಾ, ಬಲಗೈಯ ಮೂರೇ ಬೆರಳಲ್ಲಿ ಅಂಕಿ ಒತ್ತುತ್ತಿದ್ದಾರೆ. ಕಣ್ಣು ಹಾಳೆ ಬಿಟ್ಟು ಅಲುಗುವುದಿಲ್ಲ. ಹಾಳೆಗೆ ಅರವತ್ತು ಉತ್ತರ, ದಿನಕ್ಕೆ ನಲವತ್ತು ಹಾಳೆ. “ಒಂಬತ್ತಕ್ಕೆ ಜನ ಬಂದ್ರೆ ಮಾತು ಶುರುವಾಗತ್ತೆ. ಮಾತಿನ ಮಧ್ಯೆ ಮೂರು ಹೋಗಿ ನಾಲ್ಕಾಗಿಬಿಡತ್ತೆ. ಅದಕ್ಕೇ ಬೇಗ ಬರ್ತೀನಿ” ಎನ್ನುತ್ತಾರೆ.

ಈ ಕಟ್ಟಡದಲ್ಲಿ ನಡೆಯುವುದು ಆಡಳಿತ ಸಂಶೋಧನೆ. ಕಂಪನಿಯ ಮುಖ್ಯಸ್ಥ ಇಳಿದರೆ ಆ ಕುರ್ಚಿಗೆ ಯಾರು ಏರುತ್ತಾರೆ, ಎಂಥ ಸ್ವಭಾವದವರು ಬೇಗ ಮೇಲೆ ಹೋಗುತ್ತಾರೆ, ಎಂಥವರು ಇದ್ದಲ್ಲೇ ಉಳಿಯುತ್ತಾರೆ ಎಂದು ಇಲ್ಲಿ ಅಳೆಯುತ್ತಾರೆ. ವರದಿಯ ಮೇಲೆ ಹೆಸರು ಪ್ರೊಫೆಸರರದು. ನೂರಾರು ಕಂಪನಿಗಳ ನೌಕರರು ಗೀಚಿದ ಉತ್ತರ ಕಂಪ್ಯೂಟರಿಗೆ ದಾಟುವುದು ಮಾತ್ರ ಅಕ್ಕನ ಬೆರಳಿನಿಂದಲೇ. ಹದಿನೇಳು ವರ್ಷವಾಯಿತು. ಇವತ್ತಿಗೂ ಅವರದು ವರ್ಷ ವರ್ಷ ನವೀಕರಿಸುವ ಗುತ್ತಿಗೆ.

ಗಾರೆ ಕೆಲಸದ ಗಂಡ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಮಗಳಿಗೆ ಎರಡು ವರ್ಷ. ಟೈಪಿಂಗ್ ಬರುತ್ತದೆಂಬ ಒಂದೇ ಧೈರ್ಯದ ಮೇಲೆ ಅಕ್ಕ ಇಲ್ಲಿಗೆ ಬಂದರು. ನಿವೃತ್ತರಾಗುತ್ತಿದ್ದ ಹಳೆಯ ಟೈಪಿಸ್ಟ್ ಕೆಲಸ ಒಪ್ಪಿಸಿದ್ದು ಒಂದೇ ಮಧ್ಯಾಹ್ನದಲ್ಲಿ, ಅದೂ ಕೋಟು ಹಾಕಿಕೊಳ್ಳುತ್ತಾ: “ಕೆಂಪು ಚುಕ್ಕೆ ಇರೋ ಪ್ರಶ್ನೆ ಉಲ್ಟಾ. ಐದು ಇದ್ರೆ ಒಂದು ಹೊಡಿ, ಒಂದು ಇದ್ರೆ ಐದು. ಅಷ್ಟೇ, ನಾನು ಬರ್ತೀನಮ್ಮ.”

ಈ ಚುಕ್ಕೆಯ ಸಂಗತಿ ಸರಳ. ಐದು ಎಂದರೆ ಪೂರ್ತಿ ಒಪ್ಪಿಗೆ, ಒಂದು ಎಂದರೆ ಒಪ್ಪಿಗೆಯೇ ಇಲ್ಲ. ‘ನಾನು ಸಭೆಯಲ್ಲಿ ಮುಂದಾಗಿ ಮಾತಾಡುತ್ತೇನೆ’ ಎಂಬುದಕ್ಕೆ ಐದು ಹಾಕಿದವನು ಮಾತುಗಾರ. ‘ನಾನು ಸಭೆಯಲ್ಲಿ ಸುಮ್ಮನಿರುತ್ತೇನೆ’ ಎಂಬುದಕ್ಕೆ ಐದು ಹಾಕಿದವನು ಮೌನಿ. ಅರವತ್ತರಲ್ಲಿ ಮೂವತ್ತು ಪ್ರಶ್ನೆ ಹೀಗೆ ಉಲ್ಟಾ. ಅವುಗಳ ಅಂಕಿಯನ್ನು ತಿರುಗಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ. ಅಕ್ಕ ತಿರುಗಿಸಿದರು, ಒಂದು ದಿನವೂ ತಪ್ಪದೆ.

ಹೋದ ತಿಂಗಳು ಇಡೀ ಸಂಸ್ಥೆ ಕುತ್ತಿಗೆ ಉದ್ದ ಮಾಡಿ ಕಾಯುತ್ತಿತ್ತು. ಕಾರಣ, ನಿರ್ದೇಶಕರು ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಇಬ್ಬರ ಹೆಸರಿತ್ತು. ಒಬ್ಬರು, ನಕ್ಕರೆ ಕೆಳಗಿನ ಮಹಡಿಯ ಗಾಜು ಅದುರುವ ಉಪನಿರ್ದೇಶಕ. ಇನ್ನೊಬ್ಬರು ತಲೆಯಾಡಿಸಿಯೇ ದಿನ ಕಳೆಯುವ ಅಂಕಿಅಂಶದ ಮೇಡಂ. ತಮ್ಮದೇ ಪರೀಕ್ಷೆ ತಾವೂ ಬರೆಯೋಣ ಎಂದು ಇಬ್ಬರೂ ತಮಾಷೆಗೆ ಹಾಳೆ ತುಂಬಿದರು. ಅಕ್ಕ ಎಂಟ್ರಿ ಮಾಡಿ ಫಲಿತಾಂಶ ತೆಗೆದರು. ಒಂದರಿಂದ ಐದರ ಅಳತೆಯಲ್ಲಿ ಇಬ್ಬರಿಗೂ ಮೂರು, ಸರಿಯಾಗಿ ನಟ್ಟನಡುವೆ.

“ಮೊದಲು ನಗು ಬಂತು. ಆ ಸಾರ್ ಮತ್ತು ಈ ಮೇಡಂ ಒಂದೇ ಥರ ಅಂದ್ರೆ ಯಾರಾದ್ರೂ ನಂಬ್ತಾರಾ? ಆಮೇಲೆ ಅನುಮಾನ ಬಂತು.”

ಹಳೆಯ ಹಾಳೆ ಹನ್ನೊಂದು ಎಳೆದು ನೋಡಿದರು. ಹನ್ನೊಂದಕ್ಕೂ ಮೂರರ ಆಸುಪಾಸು. ಉಪನಿರ್ದೇಶಕರ ಹಾಳೆಯನ್ನು ಏನೂ ತಿರುಗಿಸದೆ, ಬರೆದಿದ್ದ ಹಾಗೇ ಹೊಡೆದರು. ನಾಲ್ಕು ಮುಕ್ಕಾಲು! ಮೂರು ವರ್ಷದ ಹಿಂದೆ ಬಂದ ಹೊಸ ಸಾಫ್ಟ್‌ವೇರ್ ಚುಕ್ಕೆಯ ಪ್ರಶ್ನೆಗಳ ಅಂಕಿಯನ್ನು ತಾನೇ ತಿರುಗಿಸುತ್ತಿತ್ತು. ಅಕ್ಕ ಒಮ್ಮೆ ತಿರುಗಿಸಿದ್ದನ್ನು ಅದು ಮತ್ತೊಮ್ಮೆ ತಿರುಗಿಸಿ ಮೊದಲಿದ್ದಲ್ಲಿಗೇ ತಂದು ನಿಲ್ಲಿಸುತ್ತಿತ್ತು. ಅರ್ಧ ಪ್ರಶ್ನೆಯ ಐದು, ಉಲ್ಟಾ ಅರ್ಧದ ಒಂದು ಸೇರಿ ಯಾರಿಗಾದರೂ ಸರಾಸರಿ ಮೂರೇ. ಇದರ ಸೂಚನೆ ಪ್ರೊಫೆಸರರಿಗೆಲ್ಲ ಹೋಗಿತ್ತು. ಅಕ್ಕನಿಗೆ ಹೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಮೂರು ವರ್ಷದ ಸುಮಾರು ಮೂವತ್ತು ಸಾವಿರ ಹಾಳೆ! ಮಾತುಗಾರ, ಮೌನಿ, ಮುಂಗೋಪಿ, ಸಮಾಧಾನಿ, ಎಲ್ಲರೂ ಒಂದೇ ಅಚ್ಚು. ನಂಬಲಾಗದ ಮಾತು ಮುಂದಿದೆ. ಇದನ್ನು ನೋಡಿ ವಿದ್ವಾಂಸರಿಗೆ ಅನುಮಾನ ಬರಲಿಲ್ಲ, ಸಂಭ್ರಮ ಬಂತು. ‘ಮೇಲೇರುವುದಕ್ಕೂ ಸ್ವಭಾವಕ್ಕೂ ಸಂಬಂಧವೇ ಇಲ್ಲ’ ಎಂಬುದು ನಿರ್ದೇಶಕರ ಜೀವಮಾನದ ಸಂಶೋಧನೆಯಾಗಿ ಹೋಯಿತು. ಇನ್ನು ಹದಿನೈದು ದಿನದಲ್ಲಿ ಅದಕ್ಕೇ ಅವರಿಗೆ ಸನ್ಮಾನವಿತ್ತು. ಅಕ್ಕನ ಗುತ್ತಿಗೆಯ ನವೀಕರಣದ ಕಾಗದವೂ ಅವರ ಮೇಜಿನ ಮೇಲೇ ಸಹಿಗೆ ಕಾದಿತ್ತು.

ಮನೆಯಲ್ಲಿ ಅತ್ತೆಗೆ ಹೇಳಿದರು. ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. “ನಿನಗೇನು ತಲೆ ಕೆಟ್ಟಿದೆಯಾ? ಓದಿದೋರಿಗೇ ಗೊತ್ತಾಗಿಲ್ಲ. ಬಾಯಿ ಮುಚ್ಕೊಂಡಿರು. ಕೆಲಸ ಹೋದ್ರೆ ಇವನ ಔಷಧಿಗೆ ಏನ್ ಮಾಡ್ತೀಯ?”

“ಅತ್ತೆ ಹೇಳಿದ್ದು ಸುಳ್ಳಲ್ಲ” ಎನ್ನುತ್ತಾರೆ ಅಕ್ಕ. “ಎರಡು ದಿನ ಸುಮ್ಮನಿದ್ದೆ. ಆದ್ರೆ ಮುಂದಿನ ಹಾಳೆ ಹೊಡೀಬೇಕಲ್ಲ? ತಿರುಗಿಸಿದ್ರೂ ತಪ್ಪು, ತಿರುಗಿಸದಿದ್ರೆ ಹಳೇದೆಲ್ಲ ತಪ್ಪು ಅಂತ ಒಪ್ಪಿದ ಹಾಗೆ. ಬೆರಳೇ ಓಡ್ಲಿಲ್ಲ.”

ಮೂರನೆಯ ದಿನ ನಿರ್ದೇಶಕರ ಕೋಣೆಗೆ ಹೋಗಿ ಉಪನಿರ್ದೇಶಕರ ಎರಡು ಫಲಿತಾಂಶದ ಹಾಳೆ, ಮೂರರದು ಮತ್ತು ನಾಲ್ಕು ಮುಕ್ಕಾಲರದು, ಅಕ್ಕಪಕ್ಕ ಇಟ್ಟರು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಇದು ಯಾರ್‍ಯಾರಿಗೆ ಗೊತ್ತು?”

“ನನಗೆ. ಈಗ ನಿಮಗೆ. ಮನೇಲಿ ನಮ್ಮತ್ತೆಗೆ, ಸಾರ್.”

ನಿರ್ದೇಶಕರು ಎದುರಿನ ಕುರ್ಚಿ ತೋರಿಸಿ “ಕೂತ್ಕೊಳ್ಳಿ” ಅಂದರಂತೆ. ಹದಿನೇಳು ವರ್ಷದಲ್ಲಿ ಆ ಕೋಣೆಯಲ್ಲಿ ಅಕ್ಕ ಕೂತದ್ದು ಅದೇ ಮೊದಲು.

ಸನ್ಮಾನ ನಿಂತಿತು. ಸಂಶೋಧನೆಯನ್ನು ನಿರ್ದೇಶಕರೇ ಹಿಂದಕ್ಕೆ ಪಡೆದರು. ತಿದ್ದುಪಡಿಯ ಪ್ರಕಟಣೆಯಲ್ಲಿ ಅಕ್ಕನ ಹೆಸರಿಲ್ಲ, ‘ದಾಖಲಾತಿ ಹಂತದಲ್ಲಿ ಕಂಡುಬಂದ ದೋಷ’ ಎಂದಷ್ಟೇ ಇದೆ. ಒಂದು ವಾರ ಕ್ಯಾಂಟೀನಿನಲ್ಲಿ ಅಕ್ಕನ ಮೇಜಿಗೆ ಯಾರೂ ಬರಲಿಲ್ಲ, ಎಲ್ಲರೂ ಮುಖ ತಿರುಗಿಸಿದರು. ಸಾಫ್ಟ್‌ವೇರಿನ ಸೂಚನೆ ಹೇಳದೆ ಬಿಟ್ಟವರು ಅವರೇ, ಮುನಿಸಿಕೊಂಡವರೂ ಅವರೇ! ಗುತ್ತಿಗೆಯ ಕಾಗದಕ್ಕೆ ಸಹಿ ಮಾತ್ರ ಬಿತ್ತು. ಎಂದಿನಂತೆ ಒಂದೇ ವರ್ಷಕ್ಕೆ.

ಒಂದು ಗುಂಡಿ ಒತ್ತಿದರೆ ಕಂಪ್ಯೂಟರು ಮೂವತ್ತು ಸಾವಿರವನ್ನೂ ಸರಿಮಾಡಿಬಿಡುತ್ತದೆ. ಆದರೂ ಅಕ್ಕ ದಿನಾ ಬೆಳಿಗ್ಗೆ ಇಪ್ಪತ್ತು ಹಳೆಯ ಹಾಳೆ ತೆಗೆದು ತಾವೇ ತಾಳೆ ನೋಡುತ್ತಾರೆ. ಯಾರೂ ಹೇಳಿದ ಕೆಲಸವಲ್ಲ.

ಏನಾದರೂ ಆಸೆಯಿದೆಯೇ ಎಂದರೆ ಕೂಡಲೇ ಹೇಳುತ್ತಾರೆ. “ದೊಡ್ಡ ಕುರ್ಚಿಗೆ ಯಾರು ಬರ್ತಾರೆ ಅಂತ ಇಷ್ಟು ಜನ ಇಷ್ಟು ವರ್ಷದಿಂದ ಓದ್ತಿದಾರೆ. ಓದಲಿ, ಒಳ್ಳೇದೇ. ನನ್ನ ಕುರ್ಚಿಗೆ ಬರೋಳನ್ನ ಮಾತ್ರ ನಾನು ಹೋಗೋಕೆ ಒಂದು ತಿಂಗಳು ಮೊದಲೇ ಕಳಿಸಿ ಅಂತ ಕೇಳಿದೀನಿ. ಪಕ್ಕದಲ್ಲಿ ಕೂರಿಸ್ಕೊಂಡು, ಯಾವುದನ್ನ ಹೇಗೆ ಮಾಡಬೇಕು ಅನ್ನೋದರ ಜೊತೆಗೆ ಯಾಕೆ ಅನ್ನೋದನ್ನೂ ಹೇಳಿಕೊಡ್ತೀನಿ.”