ನೆತ್ತಿಯ ಮೇಲಿನ ಮೋಡ

ನಮ್ಮ ಹವಾಮಾನ ಕಚೇರಿಯಲ್ಲಿ ಅವರನ್ನು ಎಲ್ಲರೂ ಆಲಿಕಲ್ಲಪ್ಪ ಎಂದೇ ಕರೆಯುವುದು. ರಾಡಾರ್ ಪರದೆಯ ಮುಂದೆ ಇಪ್ಪತ್ತೆರಡು ವರ್ಷ ಕೂತವರು. ನೂರು ಕಿಲೋಮೀಟರ್ ಆಚೆಯ ಮೋಡದ ಹೊಟ್ಟೆಯಲ್ಲಿರುವುದು ನೀರೋ ಕಲ್ಲೋ ಎಂದು ಬಣ್ಣ ನೋಡಿಯೇ ಹೇಳುತ್ತಿದ್ದರು. ಅವರ ಕನ್ನಡಕ ಎಲ್ಲಿದೆ ಎಂಬುದನ್ನು ಮಾತ್ರ ಪಕ್ಕದ ಕುರ್ಚಿಯ ನಾನು ಹೇಳಬೇಕಿತ್ತು.

ನಾನು ಕೆಲಸಕ್ಕೆ ಸೇರಿದ ದಿನ ಅವರು ಕಲಿಸಿದ ಮೊದಲ ಪಾಠ ಇದು: "ರಾಡಾರಿಗೆ ತನ್ನ ನೆತ್ತಿ ಮೇಲಿರೋದು ಕಾಣಲ್ಲ ಕಣಯ್ಯ. ಮೋಡ ಹತ್ರ ಬಂದಷ್ಟೂ ಅದರ ಮೇಲ್ಭಾಗ ತಪ್ಪಿಹೋಗುತ್ತೆ. ಪರದೇಲಿ ಕರಗಿದ ಹಾಗಿರುತ್ತೆ. ನಂಬಬೇಡ. ಪಕ್ಕದ ಜಿಲ್ಲೆ ರಾಡಾರ್ ಚಿತ್ರ ನೋಡು."

ಅವರ ಮನೆಯಿದ್ದದ್ದು ಕಚೇರಿಯ ಗುಡ್ಡದ ಬುಡದಲ್ಲೇ. ನಮ್ಮ ಕಿಟಕಿಗೆ ಕಾಣುತ್ತಿತ್ತು. ಹಿತ್ತಲಿನ ಗಾಜಿನ ಮಾಡಿನಡಿ ಅತ್ತಿಗೆ, ಅಂದರೆ ಅವರ ಹೆಂಡತಿ, ಗುಲಾಬಿ ಬೆಳೆಸುತ್ತಿದ್ದರು. ಆರು ವರ್ಷ ಹೆಣಗಿ ಒಂದು ಹೊಸ ತಳಿ ಸೃಷ್ಟಿಸಿದ್ದರು. ಇದ್ದದ್ದು ಹನ್ನೊಂದೇ ಗಿಡ. ಒಂದು ವಾರ ಎರಡು ಸಲ, ಆಲಿಕಲ್ಲು ಬೀಳುತ್ತದೆಂಬ ಗಂಡನ ಮಾತು ಕೇಳಿ ಕುಂಡಗಳನ್ನೆಲ್ಲ ಮನೆಯೊಳಗೆ ಹೊತ್ತು ಇಟ್ಟಿದ್ದರು. ಎರಡು ಸಲವೂ ಒಂದು ಕಲ್ಲೂ ಬೀಳಲಿಲ್ಲ.

ಮುಂದಿನ ವಾರ ಮಂಗಳವಾರ ಮಧ್ಯಾಹ್ನ ಮೋಡ ಎದ್ದಿತು. ಮೂರು ಊರುಗಳಿಗೆ ಅವರು ಎಚ್ಚರಿಕೆ ಕಳಿಸಿದರು. ಆಮೇಲೆ ಅದು ನಮ್ಮತ್ತ ತಿರುಗಿತು, ಪರದೆಯಲ್ಲಿ ಕಲ್ಲು ತೋರಿಸುವ ಕೆಂಪು ತೆಳುವಾಯಿತು. ಪಕ್ಕದ ಜಿಲ್ಲೆಯ ರಾಡಾರ್ ಬೆಳಿಗ್ಗೆಯಿಂದ ರಿಪೇರಿಯಲ್ಲಿತ್ತು.

ಅತ್ತಿಗೆಯ ಫೋನು ಬಂತು. "ಏನ್ರೀ, ಕುಂಡ ಒಳಗಿಡ್ಲಾ? ಸೊಂಟ ಬೇರೆ ಹಿಡ್ಕೊಂಡಿದೆ."

ಅವರು ಪರದೆ ನೋಡಿದರು. "ಬೇಡ ಬಿಡು, ಮಲ್ಕೋ. ಕರಗ್ತಾ ಇದೆ."

ಹೆಂಡತಿಯ ಸೊಂಟದ ಮೇಲಿನ ಕನಿಕರದಲ್ಲಿ ತಾವೇ ಕಲಿಸಿದ ಪಾಠವನ್ನು ಮರೆತರು. ನನಗೆ ನೆನಪಿತ್ತು. ಕಲಿಸಿದವರಿಗೇ ಪಾಠ ಹೇಳುವುದು ಹೇಗೆ ಎಂದು ಬಾಯಿ ಮುಚ್ಚಿಕೊಂಡೆ. ಅದಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಹತ್ತು ನಿಮಿಷಕ್ಕೆ ಮೊದಲ ಕಲ್ಲು ಕಿಟಕಿಗೆ ಬಡಿಯಿತು. ಆಮೇಲೆ ನಿಂಬೆಹಣ್ಣಿನಂಥವು ಸುರಿದವು. ಅವರು ಫೋನಿನಲ್ಲಿ "ಹೊರಗೆ ಬರಬೇಡ! ಗಿಡ ಹಾಳಾಗಿ ಹೋಗಲಿ!" ಎಂದು ಕೂಗುತ್ತಲೇ ಇದ್ದರು. ಆ ಕಡೆಯಿಂದ ಗಾಜು ಒಡೆಯುವ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತು ನಾವಿಬ್ಬರೂ ಆ ಮಾಡು ಬೀಳುವುದನ್ನು ನೋಡಿದೆವು. ಹೊರಗೆ ಕಾಲಿಡುವಂತಿರಲಿಲ್ಲ. ಪರದೆಯಲ್ಲಿ ಆಗಲೂ ಸಾಧಾರಣ ಮಳೆಯ ಬಣ್ಣವೇ ಇತ್ತು.

ಆಲಿಕಲ್ಲು ನಿಂತ ಮೇಲೆ ಇಬ್ಬರೂ ಕೆಳಗೆ ಓಡಿದೆವು. ಅತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಹನ್ನೊಂದರಲ್ಲಿ ಒಂದೂ ಉಳಿದಿರಲಿಲ್ಲ. ಅವರು ಬೈಯಲಿಲ್ಲ, ಅಳಲೂ ಇಲ್ಲ.

"ಬೇರೆ ಊರೋರಿಗೆ ಏನೂ ಆಗ್ಲಿಲ್ಲ ತಾನೇ?" ಎಂದು ಕೇಳಿದರು.

"ಇಲ್ಲ," ಎಂದರು ಆಲಿಕಲ್ಲಪ್ಪ. "ಅವರಿಗೆಲ್ಲ ಮುಂಚೆನೇ ಹೇಳಿದ್ದೆ."